ಹೊನ್ನಯ್ಯ ಬಾಯಿ ಮುಚ್ಚಿದ ಭಾನುವಾರ

ಯಲಿಯೂರಿನ ಹೊನ್ನಯ್ಯನಿಗೆ ದೇವರು ನಾಲೆ ಬಯಲಲ್ಲಿ ಎರಡು ಎಕರೆ ಗದ್ದೆ ಕೊಟ್ಟಿದ್ದ, ಒಂದು ಜೊತೆ ಎತ್ತು ಕೊಟ್ಟಿದ್ದ, ಅವನ ಯೋಗ್ಯತೆಗೆ ಮೀರಿದ ಹೆಂಡತಿಯನ್ನೂ ಕೊಟ್ಟಿದ್ದ. ಬಾಯಿ ಕೊಡುವಾಗ ಮಾತ್ರ ದೇವರ ಕೈತಪ್ಪಿ ನಾಲ್ಕು ಜನರ ಪಾಲು ಅವನೊಬ್ಬನಿಗೇ ಬಿದ್ದಿತ್ತು. ಬೆಳಿಗ್ಗೆ ಎದ್ದು ಎತ್ತುಗಳ ಜೊತೆ ಮಾತು ಶುರು ಮಾಡಿದರೆ, ಸಂಜೆ ಎತ್ತುಗಳೇ ಬೇಸತ್ತು ಮುಖ ತಿರುಗಿಸಿಕೊಂಡು ಮಲಗುತ್ತಿದ್ದವು. ಅಂಥ ಹೊನ್ನಯ್ಯ ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದ ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನು? ನಾನು ಆಗ ಆ ಊರಿನ ಶಾಲೆಗೆ ಇದ್ದ ಒಬ್ಬನೇ ಮೇಷ್ಟ್ರು. ಆ ದಿನದ ಗಲಾಟೆಯಲ್ಲಿ ನನ್ನ ಸರ್ಕಾರಿ ಕೆಲಸವೂ ಹೋಗುವುದರಲ್ಲಿತ್ತು. ಅದಕ್ಕೇ ನನಗೆ ಅದು ಅಷ್ಟು ಚೆನ್ನಾಗಿ ನೆನಪಿದೆ.

ನಲವತ್ತೆರಡನೇ ಇಸವಿ, ಗೌರಿಹಬ್ಬದ ಆಸುಪಾಸು. ಹೊನ್ನಯ್ಯನ ಹೆಂಡತಿ ಮಲ್ಲಿಗಮ್ಮನಿಗೆ ಎಂಟು ತಿಂಗಳು ತುಂಬಿತ್ತು. ಮದುವೆಯಾಗಿ ಹನ್ನೊಂದು ವರ್ಷ. ಹಿಂದೆ ಎರಡು ಸಲ ಕೂಸು ಆಗಿತ್ತು, ಎರಡೂ ಉಳಿದಿರಲಿಲ್ಲ. ಎರಡು ಸಲವೂ ಸೂಲಗಿತ್ತಿ ಪುಟ್ಟಮಾದಮ್ಮ ಬೇರೆ ಊರಿಗೆ ಹೆರಿಗೆ ಮಾಡಿಸಲು ಹೋಗಿದ್ದಳು. ಅವಳು ಓಡಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಹೀಗಾಗಿ ಮಲ್ಲಿಗಮ್ಮ ಈ ಸಲ ಹಟ ಹಿಡಿದು ಕೂತಿದ್ದಳು. ಮಂಡ್ಯದ ಆಸ್ಪತ್ರೆಗೆ ಗಾಡಿ ಕಟ್ಟೋಣ ಎಂದರೆ ಬೇಡ. ತವರಿಗೆ ಕಳಿಸೋಣ ಎಂದರೆ ಬೇಡ.

"ಮಾದವ್ವ ಬಂದ್ರೆ ಎರ್ತೀನಿ. ಇಲ್ದಿದ್ರೆ ಇಂಗೇ ಇರ್ತೀನಿ," ಎನ್ನುತ್ತಿದ್ದಳು. ಹಾಗೇ ಇರುವುದು ಅವಳ ಕೈಯಲ್ಲಿ ಇಲ್ಲ ಎನ್ನುವುದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಪುಟ್ಟಮಾದಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಊರಿನ ಮುಕ್ಕಾಲು ಪಾಲು ಜನರನ್ನು ಹುಟ್ಟಿದ ಗಳಿಗೆಯಲ್ಲಿ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟಿ ಅಳಿಸಿದವಳು. ಹಾಗಾಗಿ ಅವಳ ಮುಂದೆ ಯಾರ ಜಂಬವೂ ನಡೆಯುತ್ತಿರಲಿಲ್ಲ. ಪಟೇಲರನ್ನೇ "ಲೇ" ಎನ್ನುತ್ತಿದ್ದಳು, ಪಟೇಲರು "ಏನವ್ವಾ" ಎನ್ನುತ್ತಿದ್ದರು. ಆ ವರ್ಷ ಆಷಾಢದಲ್ಲಿ ಅವಳ ಬಲಮಂಡಿ ಊದಿಕೊಂಡಿತು. ಶ್ರಾವಣ ಬಂತು, ಊತ ಇಳಿಯಲಿಲ್ಲ. ಗೌರಿ ಬಂದಳು, ಹೋದಳು, ಊತ ಅಲ್ಲೇ ಇತ್ತು. ಮಂಡಿ ಎಳೆ ಕುಂಬಳಕಾಯಿಯಷ್ಟು ಆಗಿ ಮಡಿಸಲು ಬಾರದೆ ಹೋಯಿತು. ಪುಟ್ಟಮಾದಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತು ಊರಿಗೆ ರಾಜೀನಾಮೆ ಕೊಟ್ಟಳು.

"ಕುಕ್ಕರಗಾಲಲ್ಲಿ ಕೂರಕ್ಕಾಗದೋಳು ಎಂತಾ ಸೂಲಗಿತ್ತಿ ಲಾ? ನನ್ ಕೈಲಿ ಆಗಕಿಲ್ಲ. ಬ್ಯಾರೇರ ನೋಡ್ಕಳ್ರಪ್ಪ," ಎಂದುಬಿಟ್ಟಳು.

ಪಿತೃಪಕ್ಷದ ಮಾರ್ಲಮಿ ಅಮಾವಾಸ್ಯೆಗೆ ಮೂರು ವಾರ ಇತ್ತು. ಹೆರಿಗೆಯೂ ಅಷ್ಟು ಹೊತ್ತಿಗೇ ಎಂದು ಲೆಕ್ಕ. ಹೊನ್ನಯ್ಯನಿಗೆ ಅನ್ನ ಇಳಿಯದೆ ಹೋಯಿತು. ಮಾತು ಮಾತ್ರ ಇಳಿಯಲಿಲ್ಲ. ಅದೇ ಸಂಕಟವನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಹಾಗೆ ಒಂದು ಸಂಜೆ ನನ್ನ ಹತ್ತಿರ ಬಂದ. ನಾನು ಮಂಡ್ಯದಿಂದ ತಂದ ಕಡಲೆಪುರಿ ಪೊಟ್ಟಣ ಬಿಚ್ಚುತ್ತಿದ್ದೆ. ಪುರಿ ತಿನ್ನುವುದಕ್ಕೆ ಮುಂಚೆ ಪೊಟ್ಟಣ ಓದುವುದು ನನ್ನ ಚಟ. ಅದು ಯಾವುದೋ ಮಾಸಪತ್ರಿಕೆಯ ಹಾಳೆ, ಬರೆದವರು ಯಾರೋ ವೈದ್ಯರು. "ಹಸಿಶುಂಠಿಯೊಳಗಣ ಖಾರಸತ್ವವು ಕೀಲುಗಳ ಊತವನ್ನೂ ಬೇನೆಯನ್ನೂ ತಗ್ಗಿಸಬಲ್ಲುದೆಂದು ಪಂಡಿತರು ಅಭಿಪ್ರಾಯಪಡುತ್ತಾರೆ. ಇದನ್ನು ನುಣ್ಣಗೆ ಅರೆದು," ಎಂಬಲ್ಲಿಗೆ ಹಾಳೆ ಹರಿದಿತ್ತು. ಮುಂದಿನ ಜ್ಞಾನವನ್ನು ಪುರಿ ಅಂಗಡಿಯವನು ಇನ್ಯಾರಿಗೋ ಕಟ್ಟಿಕೊಟ್ಟಿದ್ದ.

ಹೊನ್ನಯ್ಯ ಎದ್ದು ನಿಂತ. "ಮೇಷ್ಟ್ರೇ, ಇನ್ನೊಂದಪ ಓದಿ." ಓದಿದೆ. "ಊತ ಅಂತ್ಲೇ ಬರ್ದವ್ರಾ?" ಊತ ಅಂತಲೇ ಇದೆ ಎಂದೆ. ಅಷ್ಟೇ. ಪಂಚೆ ಎತ್ತಿಕಟ್ಟಿ ಪುಟ್ಟಮಾದಮ್ಮನ ಮನೆಯ ಕಡೆ ಓಡಿದ. ತಮಾಷೆ ನೋಡಲು ನಾನೂ ಪುರಿ ಹಿಡಿದುಕೊಂಡು ಹಿಂದೆ ಹೋದೆ.

ಪುಟ್ಟಮಾದಮ್ಮ ಪೂರ್ತಿ ಕೇಳಿ ನಕ್ಕಳು. ನಕ್ಕದ್ದಕ್ಕೆ ಮಂಡಿ ಅಲುಗಿ ನೋವಾಗಿ ಬೈದಳು.

"ಸುಂಟಿ! ಥೂ ನಿನ್ ಬುದ್ಧಿಗಿಷ್ಟು. ಐವತ್ತು ವರ್ಸದಿಂದ ಊರ್ ಬಾಣಂತೀರ್ಗೆಲ್ಲಾ ಸುಂಟಿ ಬೆಲ್ಲ ತಿನ್ಸಿರೋಳು ನಾನು. ನಿಮ್ಮವ್ವಂಗೂ ತಿನ್ಸಿವ್ನಿ. ನನಗೇ ಸುಂಟಿ ಏಳ್ಕೊಡಕ್ ಬಂದ್ಯಾ? ಅಜ್ಜಿಗೆ ಕೆಮ್ಮೋದ ಕಲ್ಸದ್ನಂತೆ. ಓಗ್ ಓಗು."

ಇಲ್ಲಿಗೆ ನಿಲ್ಲಬೇಕಾಗಿತ್ತು. ಆದರೆ ಹೊನ್ನಯ್ಯನ ಬಾಯಿಗೆ ನಿಲ್ಲಿಸಿ ಗೊತ್ತಿಲ್ಲ. "ಸುಂಟಿ ಅಲ್ಲ ಕಣವ್ವ, ಬಾಯ್ತಪ್ಪಿ ಅಂದೆ," ಎಂದ. "ನಮ್ ತಾತಂಗೆ ಮಾದಪ್ಪನ ಬೆಟ್ಟದಲ್ಲಿ ಒಬ್ಬ ಜೋಗಿ ಒಂದ್ ಬೇರು ತೋರ್ಸಿದ್ದ. ನಮ್ ವಂಸದ ಗುಟ್ಟು. ಊತ ಅನ್ನೋದು ಅದರ ಎಸ್ರು ಕೇಳುದ್ರೇ ಓಡೋಯ್ತದೆ."

"ಏನದರ ಎಸ್ರು?"

"ಎಸ್ರು ಏಳ್ಬಾರ್ದು!"

ನಾಟಿ ಮದ್ದಿಗೆ ನಮ್ಮ ಕಡೆ ಕಾನೂನು ಇದೆ. ಹೆಸರು ಹೇಳಿದರೆ ಮದ್ದು ಕೆಡುತ್ತದೆ. ಅದನ್ನು ಭಾನುವಾರ ಹೊತ್ತು ಹುಟ್ಟುವ ಮುಂಚೆ ಮನೆ ಬಿಟ್ಟು ಹೋಗಿ ತರಬೇಕು. ಮನೆ ಬಿಟ್ಟಾಗಿನಿಂದ ಮದ್ದು ರೋಗಿಯ ಮೈಗೆ ಹತ್ತುವ ತನಕ ತರುವವನು ಒಂದು ಮಾತೂ ಆಡಬಾರದು. ಆಡಿದರೆ ಬೇರು ಬರೀ ಕಸ. ಈ ಕಾನೂನು ಹೊನ್ನಯ್ಯನಿಗಿಂತ ಪುಟ್ಟಮಾದಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಯ್ ಮುಚ್ಕೊಂಡು ತರ್ತೀಯಾ? ನೀನಾ?"

"ಹೂಂ ಕಣವ್ವ."

"ಉಟ್ದಾಗ ಎಲ್ಲಾ ಕೂಸ್ಗಳ್ನೂ ಅಳ್ಸೋದು ಕಷ್ಟ. ನಿನ್ನ ಸುಮ್ಕಿರ್ಸೋದು ಕಷ್ಟ ಆಗಿತ್ತು ಕಣ್ಲಾ." ಅವಳು ಸ್ವಲ್ಪ ಹೊತ್ತು ಮಂಡಿಯನ್ನು ಸವರಿಕೊಂಡಳು. "ಸರಿ. ಮಾತಾಡ್ದೆ ತಂದ್ರೆ ಕಟ್ಟುಸ್ಕೋತೀನಿ. ಒಂದೇ ಒಂದ್ ಮಾತಾಡ್ದೆ ಅಂತ ಗೊತ್ತಾಯ್ತೋ, ಮಂಡಿ ಮುಟ್ಟಕ್ ಬುಡಕಿಲ್ಲ. ನಿನ್ ಎಂಡ್ರು ನಿನ್ ಅಣೆಬರ."

ಹೊನ್ನಯ್ಯ ಆ ಭಾನುವಾರಕ್ಕೆ ಸಿದ್ಧನಾದ. ಊರಿನ ಅಂಗಡಿಯಲ್ಲಿ ಯುದ್ಧದ ಅಭಾವದಲ್ಲಿ ಹಸಿಶುಂಠಿ ಇರಲಿಲ್ಲ. ಮಂಡ್ಯದಲ್ಲಿ ಸಿಗುತ್ತಿತ್ತು, ಆದರೆ ಮಂಡ್ಯದ ಬೀದಿಯಲ್ಲಿ ಹೆಜ್ಜೆಗೊಬ್ಬ ನೆಂಟ, ಮಾತಾಡಿಸದೆ ಬಿಡುವವರಲ್ಲ. ಮದ್ದೂರಿಗೆ ರೈಲಲ್ಲಿ ಹೋಗಿ ಬರುವುದು ಎಂದು ತೀರ್ಮಾನ ಮಾಡಿದ. ಅಲ್ಲಿ ಗೊತ್ತಿದ್ದವನು ಒಬ್ಬನೇ, ಮಲ್ಲಿಗಮ್ಮನ ತಮ್ಮ ಸಿದ್ದರಾಜು, ಒಂದು ಹೋಟೆಲಿನಲ್ಲಿ ವಡೆ ಕರಿಯುವವನು.

"ಅಲ್ಲಯ್ಯಾ, ತರುವುದು ಶುಂಠಿ. ಜೋಗಿಯೂ ಸುಳ್ಳು, ಬೆಟ್ಟವೂ ಸುಳ್ಳು. ಮದ್ದೂರಲ್ಲಿ ನೀನು ಮಾತಾಡಿದರೆ ಯಾರು ನೋಡುತ್ತಾರೆ?" ಎಂದೆ ನಾನು.

"ಅವ್ವಂಗೆ ಒಂದು ಸುಳ್ ಏಳಾಯ್ತು ಮೇಷ್ಟ್ರೇ, ಎರಡ್ ಏಳಕಿಲ್ಲ. ಬೇರು ಸುಳ್ಳಾದ್ರೂ ಮೌನನಾದ್ರೂ ನಿಜ ಆಗ್ಲಿ," ಎಂದ. ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. "ಎಲ್ಡು ಕೂಸ ನನ್ ಕೈಯಾರ ಮಣ್ಗಿಕ್ಕಿವ್ನಿ. ಇದೊಂದು ದಿನ ಬಾಯ್ ಕಟ್ಟಕ್ಕಾಗಕಿಲ್ವಾ ನನಗೆ?"

ನಾನು ಅವನಿಗೆ ಎರಡು ಚೀಟಿ ಬರೆದುಕೊಟ್ಟೆ. ಒಂದು ಸ್ಟೇಷನ್ನಿಗೆ: "ಮದ್ದೂರಿಗೆ ಮೂರನೇ ಕ್ಲಾಸಿನ ಒಂದು ಟಿಕೀಟು ಕೊಡಿ." ಇನ್ನೊಂದು ಅಂಗಡಿಗೆ: "ಹಸಿಶುಂಠಿ ಒಂದು ಸೇರು. ಬಲಿತದ್ದೇ ಆಗಬೇಕು. ವಿಷಯ ಗೋಪ್ಯವಾಗಿರಲಿ." ಕೊನೆಯ ವಾಕ್ಯ ಅವನು ಕೇಳಿರಲಿಲ್ಲ. ಬರವಣಿಗೆಗೆ ಒಂದು ತೂಕ ಬರಲಿ ಎಂದು ನಾನೇ ಸೇರಿಸಿದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಇನ್ಸ್‌ಪೆಕ್ಟರು ಶಾಲೆಯ ಬುಕ್ಕಿನಲ್ಲಿ ಬರೆದು ಹೋಗಿದ್ದರು. ಆ ಮುತ್ತು ನನ್ನ ಕುತ್ತಿಗೆಗೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಇಲ್ಲಿಂದ ಮುಂದೆ ನಡೆದದ್ದನ್ನು ಆಮೇಲೆ ಹೊನ್ನಯ್ಯ ನನಗೆ ಕಡಿಮೆಯೆಂದರೆ ನಲವತ್ತು ಸಲ ಹೇಳಿದ್ದಾನೆ. ಸಿದ್ದರಾಜು ಹೇಳಿದ್ದನ್ನೂ ಸೇರಿಸಿ, ಇಬ್ಬರ ಉತ್ಪ್ರೇಕ್ಷೆಯನ್ನೂ ಅರ್ಧಕ್ಕೆ ಇಳಿಸಿ ಬರೆಯುತ್ತಿದ್ದೇನೆ.

ಸ್ಟೇಷನ್ನಿನ ಕಿಟಕಿಯಲ್ಲೇ ಮೊದಲ ಎಡವಟ್ಟು. ಓದು ಬಾರದ ಹೊನ್ನಯ್ಯ ಶುಂಠಿ ಚೀಟಿಯನ್ನು ಒಳಗೆ ತೂರಿಸಿದ. ಟಿಕೀಟು ಬಾಬು ಅದನ್ನು ಎರಡು ಸಲ ಓದಿ, "ಏನಯ್ಯಾ ಹೊನ್ನಯ್ಯ, ಇದು ಸ್ಟೇಷನ್ನೋ ಸೊಪ್ಪಿನಂಗಡಿಯೋ?" ಎಂದರು. ಹೊನ್ನಯ್ಯ ತಲೆ ಚಚ್ಚಿಕೊಂಡು ಇನ್ನೊಂದು ಚೀಟಿ ಕೊಟ್ಟ. ಬಾಬುವಿಗೆ ಚೀಟಿಗಿಂತ ಹೆಚ್ಚಾಗಿ ಅವನ ಮೌನ ಕಂಡು ಗಾಬರಿಯಾಯಿತು. "ಮನೇಲಿ ಏನಾದ್ರೂ ಆಯ್ತೇನಯ್ಯಾ?" ಎಂದು ಎದ್ದು ಬಂದು ಬೆನ್ನು ಸವರಿ, ಟಿಕೀಟು ಕೊಟ್ಟು, ಎರಡು ಚೀಟಿಯನ್ನೂ ಅವನ ಕೈಗೇ ವಾಪಸು ಇಟ್ಟರು. ಅವರು ಒಳ್ಳೆಯವರು. ಒಳ್ಳೆಯವರಿಂದಲೇ ಅರ್ಧ ಅನಾಹುತ ಆಗುವುದು.

ಮದ್ದೂರಿನ ಬೀದಿಯಲ್ಲಿ ಪಟ್ಟಲಮ್ಮ ಎಂಬ ತರಕಾರಿಯವಳು ಶುಂಠಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಹೊನ್ನಯ್ಯ ಟವೆಲು ಹಾಸಿ ಬಲಿತ ಶುಂಠಿ ಆರಿಸಿ ಅದಕ್ಕೆ ಹಾಕಿಕೊಂಡ.

"ಎಸ್ಟ್ ಬೇಕಣ್ಣೋ?"

ಹೊನ್ನಯ್ಯ ಚೀಟಿ ಕೊಟ್ಟ.

"ನನಗೆಲ್ಲಿ ಓದಕ್ ಬತ್ತದೆ? ಬಾಯ್ಬುಟ್ಟು ಏಳಣ್ಣ."

ಹೊನ್ನಯ್ಯ ಬಾಯಿಯ ಮೇಲೆ ಬೆರಳಿಟ್ಟು ಚೀಟಿಯನ್ನೇ ತೋರಿಸಿದ. ಪಟ್ಟಲಮ್ಮ ಪಾಪ, ಅಲ್ಲೇ ಹೋಗುತ್ತಿದ್ದ ಪೊಲೀಸ್ ದಫೇದಾರನನ್ನು ಕೂಗಿದಳು. "ಸ್ವಾಮೇರಾ, ವಸಿ ಇದೇನ್ ಬರ್ದದೆ ಓದಿ ಏಳ್ರಪ್ಪ."

ದಫೇದಾರ ಚೀಟಿ ಹಿಡಿದು ಗಟ್ಟಿಯಾಗಿ ಓದಿದ. "ಮದ್ದೂರಿಗೆ ಮೂರನೇ ಕ್ಲಾಸಿನ ಒಂದು ಟಿಕೀಟು ಕೊಡಿ."

ದಫೇದಾರ ಮೀಸೆ ಸವರಿಕೊಂಡ. "ಇದ್ಯಾವ ಊರಯ್ಯಾ?"

ಮಾತಿಲ್ಲ.

"ಮದ್ದೂರಲ್ಲಿ ನಿಂತ್ಕೊಂಡು, ತರಕಾರಿಯೋಳ ಕೈಲಿ, ಮದ್ದೂರಿಗೆ ಟಿಕೀಟು ಕೇಳ್ತೀಯಾ? ಹುಚ್ಚನೋ ನೀನು, ಇಲ್ಲಾ ನನ್ನ ಹುಚ್ಚ ಮಾಡ್ತಿದ್ದೀಯೋ?"

ಕಾಲ ಎಂಥದೆಂದು ನೆನಪಿಸಿಕೊಳ್ಳಬೇಕು. ಚಳವಳಿ ಜೋರಾಗಿತ್ತು. ಅಲ್ಲಲ್ಲಿ ತಂತಿ ಕತ್ತರಿಸುತ್ತಿದ್ದರು, ರೈಲುಹಳಿಗೆ ಕಾವಲು ಹಾಕಿದ್ದರು. ಪೊಲೀಸರಿಗೆ ಮರದ ನೆರಳು ಕಂಡರೂ ಅನುಮಾನ. ದಫೇದಾರ ಹೊನ್ನಯ್ಯನ ಸೊಂಟ ತಡವಿದ. ಎರಡನೇ ಚೀಟಿ ಸಿಕ್ಕಿತು. ಅದನ್ನು ಓದಿದ ಮೇಲೆ ಅವನ ಧ್ವನಿ ಇಳಿಯಿತು.

"ಬಲಿತದ್ದೇ ಆಗಬೇಕು. ವಿಷಯ ಗೋಪ್ಯವಾಗಿರಲಿ," ಎಂದು ಮೆಲ್ಲಗೆ ಓದಿಕೊಂಡ. "ಓಹೋ. ಹೀಗೋ ಸಮಾಚಾರ. ಹಸಿಶುಂಠಿ ಅಂದ್ರೆ ಯಾವನಯ್ಯಾ ಅವನು? ಬಲಿತದ್ದು ಅಂದ್ರೆ ದೊಡ್ಡ ಲೀಡರೋ, ಇಲ್ಲಾ ಮದ್ದುಗುಂಡೋ? ಇಷ್ಟು ದುಂಡಗೆ ಬರೆಯೋನು ಯಾವನು? ಓದಿದೋನು ಇದ್ದಾನೆ ಇದರ ಹಿಂದೆ!"

ಓದಿದವನ ಹೆಸರು ಹೇಳಿಬಿಟ್ಟಿದ್ದರೆ ಹೊನ್ನಯ್ಯ ಅಲ್ಲೇ ಬಿಡುಗಡೆಯಾಗುತ್ತಿದ್ದ, ನಾನು ಒಳಗೆ ಹೋಗುತ್ತಿದ್ದೆ. ಅವನು ಹಲ್ಲು ಕಚ್ಚಿ ನಿಂತ. ಅದಕ್ಕೆ ನಾನು ಇವತ್ತಿಗೂ ಅವನಿಗೆ ಋಣಿ. ಶುಂಠಿ ತುಂಬಿದ ಟವೆಲಿನ ಸಮೇತ ಅವನನ್ನು ಚೌಕಿಯ ಜಗಲಿಗೆ ಕರೆದೊಯ್ದರು.

ಅಷ್ಟರಲ್ಲಿ ಯಾರೋ, "ಈ ಮುಖ ನೋಡಿವ್ನಿ, ವಡೆ ಸಿದ್ದರಾಜನ ಭಾವ ಅಲ್ವಾ?" ಎಂದರು. ಸಿದ್ದರಾಜುವಿಗೆ ಹೇಳಿಕಳಿಸಿದರು. ಅವನು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದ. ಹೊನ್ನಯ್ಯನಿಗೆ ಜೀವ ಬಂದಂತಾಯಿತು. ಸಿದ್ದರಾಜು ಹತ್ತಿರ ಬಂದು, "ಯಾಕ್ ಭಾವ? ಅಕ್ಕ ಎಂಗವ್ಳೆ?" ಎಂದ. ಹೊನ್ನಯ್ಯ ಕೈ ಮುಗಿದು ತಲೆ ಅಲ್ಲಾಡಿಸಿದ. ಸಿದ್ದರಾಜು ಹಿಂದೆ ಸರಿದು ನಿಂತ. ಒಂದು ಸುತ್ತು ಹಾಕಿ ನೋಡಿದ.

"ಸ್ವಾಮಿ," ಎಂದ ದಫೇದಾರನಿಗೆ, "ಮಕ ನಮ್ ಭಾವಂದೇ. ಆಸಾಮಿ ಅವನಲ್ಲ."

"ಹಂಗಂದ್ರೆ?"

"ನಮ್ ಭಾವ ನಿದ್ದೇಲೂ ಸುಮ್ಕಿರೋನಲ್ಲ ಸ್ವಾಮಿ. ನಮ್ಮಪ್ಪನ ತಿಥೀಲಿ ಮಂತ್ರ ಏಳೋರ್ಗೇ ಅಡ್ಡ ಮಾತಾಡ್ದೋನು. ಇವನ್ಯಾರೋ ಅವನ ಯೇಸ ಆಕವ್ನೆ. ಬೇಕಾದ್ರೆ ನೋಡ್ಕಳಿ." ಅವನು ಹೊನ್ನಯ್ಯನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ, "ಓದೊರ್ಸ ಬಂಡಿ ಪಂದ್ಯದಲ್ಲಿ ನಿನ್ ಎತ್ತು ನಮ್ ಎತ್ತಿನ್ ಮುಂದೆ ಸೋತು ಸಗಣಿ ಆಕ್ತಲ್ಲ, ಔದಾ?" ಎಂದ.

ಸೋತದ್ದು ಸಿದ್ದರಾಜುವಿನ ಎತ್ತು. ಆ ಪಂದ್ಯದ ಕಥೆಯನ್ನು ಹೊನ್ನಯ್ಯ ವರ್ಷವಿಡೀ ಊಟದಂತೆ ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಅವನ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣು ಹೊರಗೆ ಬಂತು. ಮಾತು ಮಾತ್ರ ಹೊರಗೆ ಬರಲಿಲ್ಲ. ಮಲ್ಲಿಗಮ್ಮನ ಹೊಟ್ಟೆಯನ್ನು ನೆನೆದುಕೊಂಡು ಎತ್ತಿನ ಮಾನವನ್ನು ನುಂಗಿದ.

"ನಾನೇಳ್ಲಿಲ್ವಾ? ಖಂಡಿತ ಅಲ್ಲ," ಎಂದು ಸಿದ್ದರಾಜು ಕೈ ಒರೆಸಿಕೊಂಡ.

ಹೊರಗೆ ಆಗಲೇ ಜನ ಸೇರಿದ್ದರು. ದಫೇದಾರ ಅರಚುವುದು, ಎದುರಿಗೆ ಒಬ್ಬ ಮಣ್ಣಿನ ಮಗ ಕೈಮುಗಿದು ಒಂದು ಮಾತೂ ಆಡದೆ ನಿಂತಿರುವುದು, ಇದನ್ನು ನೋಡಿದ ಜನಕ್ಕೆ ಒಂದೇ ಅರ್ಥ ಹೊಳೆಯಿತು. "ಮೌನ ಸತ್ಯಾಗ್ರಹ!" ಎಂದು ಯಾರೋ ಕೂಗಿದರು. "ಮಹಾತ್ಮಾ ಗಾಂಧೀಕಿ ಜೈ!" ಎಂದಿತು ಬೀದಿ. ಪಟ್ಟಲಮ್ಮ ಪಕ್ಕದ ಹೂವಿನವಳ ಕುಕ್ಕೆಯಿಂದ ಒಂದು ಸೇವಂತಿಗೆ ಹಾರ ಕಿತ್ತುಕೊಂಡು ಬಂದು ಹೊನ್ನಯ್ಯನ ಕೊರಳಿಗೆ ಹಾಕಿ, "ನಾನೇ ನಿನ್ನ ಇಡ್ಕೊಟ್ಟೆನಲ್ಲೋ ನನ್ನಪ್ಪಾ!" ಎಂದು ಕಾಲಿಗೆ ಬಿದ್ದು ಅತ್ತಳು. ಹೊನ್ನಯ್ಯನಿಗೆ ಏನೂ ಅರ್ಥವಾಗಲಿಲ್ಲ. ಜನ ಇಷ್ಟು ಗೌರವ ಕೊಡುತ್ತಾರೆಂದು ಗೊತ್ತಿದ್ದರೆ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದ.

ದಫೇದಾರ ಬೆವೆತ. ಹಿಡಿದಿಟ್ಟರೆ ಜನ ಬಿಡುವುದಿಲ್ಲ, ಬಿಟ್ಟರೆ ಮೇಲಿನವರು ಬಿಡುವುದಿಲ್ಲ. ಈ ಮನುಷ್ಯ ಮೂಗನೋ ಅಲ್ಲವೋ ನೋಡಿ ಹೇಳಲಿ ಎಂದು ಹತ್ತಿರದಲ್ಲೇ ಇದ್ದ ಒಬ್ಬ ಡಾಕ್ಟರನ್ನು ಕರೆಸಿದ. ಡಾಕ್ಟರಿಗೆ ವಯಸ್ಸಾಗಿತ್ತು, ಮಳವಳ್ಳಿಯ ಕಡೆಯವರು. ಗಂಟಲು ನೋಡಿದರು, ನಾಲಿಗೆ ನೋಡಿದರು.

"ನಾಲಿಗೆ ಚೆನ್ನಾಗಿ ಪಳಗಿದೆ. ಮೂಗ ಅಲ್ಲ," ಎಂದರು. ಆಮೇಲೆ ಟವೆಲು ಬಿಚ್ಚಿಸಿ ನೋಡಿದರು. "ಇದು ಶುಂಠಿ ಕಣ್ರೀ ದಫೇದಾರ್ರೇ."

"ಅದು ಗೊತ್ತು ಸಾರ್. ಆದರೆ ಇದರ ಅರ್ಥ ಏನು ಅಂತ."

"ಶುಂಠಿಗೆ ಏನ್ರೀ ಅರ್ಥ?" ಡಾಕ್ಟರು ಹೊನ್ನಯ್ಯನ ಕಡೆ ತಿರುಗಿದರು. "ಯಾರಿಗಪ್ಪಾ ಇದು?"

ಹೊನ್ನಯ್ಯ ತನ್ನ ಮಂಡಿ ತಟ್ಟಿ, ಎರಡು ಕೈಯಿಂದ ಅದು ಎಷ್ಟು ಊದಿದೆಯೆಂದು ತೋರಿಸಿದ. ಆಮೇಲೆ ಸೊಂಟ ಬಾಗಿಸಿ ಮುದುಕಿಯಾದ. ಆಮೇಲೆ ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿದ. ಕೊನೆಗೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿ, ಕೂಸನ್ನು ಎತ್ತಿ ತೂಗಿದ.

"ಮುದುಕಿ ಬಸುರಿ ಅಂತಾನಾ ಸಾರ್?" ಎಂದ ದಫೇದಾರ.

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಸೂಲಗಿತ್ತಿಯ ಮಂಡಿ ಊದಿದೆ. ಮನೇಲಿ ಹೆಂಡತಿ ತುಂಬಿದ ಬಸುರಿ. ಇವತ್ತು ಭಾನುವಾರ, ಮಾತಾಡದೆ ಮದ್ದು ತರೋಕೆ ಬಂದಿದ್ದಾನೆ. ನಮ್ಮಜ್ಜಿ ಮಳವಳ್ಳಿಯಲ್ಲಿ ಹೀಗೇ ತರಿಸೋಳು ಕಣ್ರೀ. ಹೌದೇನಯ್ಯಾ?"

ಹೊನ್ನಯ್ಯ ಹೌದು ಹೌದು ಎಂದು ತಲೆ ಆಡಿಸಿದ ರಭಸಕ್ಕೆ ಹಾರದ ಅರ್ಧ ಸೇವಂತಿಗೆ ಉದುರಿತು.

"ನೀನು ಮಾತಾಡಬೇಡ, ಕೇಳಿಸಿಕೊಂಡು ಹೋಗು," ಎಂದರು ಡಾಕ್ಟರು. "ಇದರ ಖಾರದಲ್ಲಿ ಒಂದು ಸತ್ವ ಇದೆ. ವಿಲಾಯ್ತಿ ಪಂಡಿತರು ಅದನ್ನ ಬೇರೆ ಮಾಡಿ ಜಿಂಜರಾಲ್ ಅಂತ ಹೆಸರಿಟ್ಟಿದ್ದಾರೆ. ಊತಕ್ಕೆ ಒಳ್ಳೇದು ಅಂತಾರೆ. ವಾಸಿ ಮಾಡೇ ಮಾಡುತ್ತೆ ಅಂತ ನಾನು ಆಣೆ ಇಡೋಲ್ಲ. ತೆಳ್ಳಗೆ ಹಚ್ಚು, ಚರ್ಮ ಉರಿದರೆ ತೆಗೆದುಬಿಡು. ಮುಖ್ಯ, ಮುದುಕಿ ಓಡಾಡಬಾರದು. ಎರಡು ವಾರ ಕಾಲು ಚಾಚಿ ಕೂತಿರಲಿ. ಮದ್ದು ಅರ್ಧ, ಸುಮ್ಮನೆ ಕೂರೋದು ಅರ್ಧ." ದಫೇದಾರನಿಗೆ ಹೇಳಿದರು, "ಚೀಟಿ ಹರಿದುಹಾಕ್ರೀ. ಬರೆದೋನು ಯಾವನೋ ಅಧಿಕಪ್ರಸಂಗಿ, ಅಷ್ಟೇ."

ಅಧಿಕಪ್ರಸಂಗಿ ಎಂದದ್ದು ನನ್ನನ್ನು. ಆಗಲಿ, ಕೆಲಸ ಉಳಿಯಿತು.

ಸಂಜೆಯ ರೈಲಿಗೆ ನಾನು ಯಲಿಯೂರು ಸ್ಟೇಷನ್ನಿಗೆ ಹೋಗಿದ್ದೆ. ಹೊನ್ನಯ್ಯ ಹಾರ ಹಾಕಿಕೊಂಡು ಇಳಿದ. ಗಾಡಿಯೊಳಗಿದ್ದ ಮದ್ದೂರಿನ ಜನ "ಮೌನವೀರನಿಗೆ ಜೈ" ಎಂದು ಕೂಗಿದರು. ಜೈಕಾರ ಕೇಳಿದ ಕೂಡಲೇ ಸರ್ಕಾರಿ ನೌಕರನಾದ ನಾನು ಬೇವಿನ ಮರದ ಹಿಂದೆ ಸೇರಿಕೊಂಡೆ. ಹೊನ್ನಯ್ಯ ಯಾರ ಕಡೆಯೂ ನೋಡದೆ, ಟವೆಲಿನ ಗಂಟನ್ನು ಎದೆಗೆ ಅವಚಿಕೊಂಡು ನೆಟ್ಟಗೆ ಪುಟ್ಟಮಾದಮ್ಮನ ಹಟ್ಟಿಗೆ ನಡೆದ.

ಅಂಗಳದಲ್ಲಿ ಊರೇ ಸೇರಿತು. ಹೊನ್ನಯ್ಯ ಎಲ್ಲರಿಗೂ ಬೆನ್ನು ಮಾಡಿ ಕೂತು, ಒರಳು ಕಲ್ಲಿಗೆ ಟವೆಲು ಮರೆ ಮಾಡಿ ಅರೆಯಲು ಶುರು ಮಾಡಿದ. ಬೇರನ್ನು ಮರೆ ಮಾಡಬಹುದು, ವಾಸನೆಯನ್ನು ಹೇಗೆ ಮಾಡುವುದು? ಮೊದಲ ಸುತ್ತಿಗೇ ಘಮ್ಮೆಂದು ಬೀದಿಯೆಲ್ಲ ಹರಡಿತು. ಅಂಗಳದಲ್ಲಿದ್ದ ಎಲ್ಲರ ಮೂಗೂ ಅರಳಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಕಾಮಾಕ್ಷಮ್ಮ ತಡೆಯಲಾರದೆ, "ಅಯ್ಯೋ, ಇದು ಸುಂ..." ಎಂದಳು.

"ಶ್!" ಎಂದರು ಹತ್ತು ಜನ. "ಎಸ್ರು ಏಳ್ಬಾರ್ದು ಕಣಮ್ಮಿ! ಮದ್ ಕೆಟ್ಟೋಯ್ತದೆ!"

ಕಾಮಾಕ್ಷಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಟೇಲರು ಗಂಭೀರವಾಗಿ ಒಂದು ಉಸಿರು ಎಳೆದು, "ಬೆಟ್ಟದ ಬೇರು ಅಂದ್ರೆ ಬೆಟ್ಟದ ಬೇರೇ. ವಾಸ್ನೇನೇ ಬ್ಯಾರೆ," ಎಂದರು. ಎಲ್ಲರೂ ಹೌದೌದು ಎಂದರು. ಯುದ್ಧಕ್ಕೆ ಮುಂಚೆ ಅವರೆಲ್ಲರ ಮನೆಯಲ್ಲಿ ಆ ವಾಸನೆ ವಾರಕ್ಕೊಮ್ಮೆಯಾದರೂ ಇರುತ್ತಿತ್ತು.

ಪುಟ್ಟಮಾದಮ್ಮ ಮಾತ್ರ ಹೊನ್ನಯ್ಯನನ್ನೇ ನೋಡುತ್ತಿದ್ದಳು. ಅವನ ಕೊರಳಿನ ಬಾಡಿದ ಹಾರ, ಧೂಳಾದ ಅಂಗಿ, ಬೆಳಿಗ್ಗೆಯಿಂದ ನೀರೂ ಕುಡಿಯದೆ ಒಣಗಿದ ತುಟಿ. ಅವನು ಅರೆದದ್ದನ್ನು ಎತ್ತಿಕೊಂಡು ಬಂದಾಗ ಅವಳು, "ವಸಿ ಅರಳೆಣ್ಣೆ ಬೆರ್ಸ್ಲಾ. ಅಂಗೇ ಆಕುದ್ರೆ ತೊಗಲು ಉರಿತದೆ," ಎಂದಳು. ಯಾರಿಗೂ ಗೊತ್ತಿಲ್ಲದ ಬೆಟ್ಟದ ಬೇರಿಗೆ ಹರಳೆಣ್ಣೆ ಬೆರೆಸಬೇಕೆಂದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಆಗ ನಾವ್ಯಾರೂ ಕೇಳಲಿಲ್ಲ.

ಹೊನ್ನಯ್ಯ ಮಂಡಿಗೆ ಪಟ್ಟು ಹಾಕಿ, ಬಟ್ಟೆ ಸುತ್ತಿ ಗಂಟು ಬಿಗಿದ.

"ಸಾಕು. ಈಗ ಮಾತಾಡ್ಲಾ," ಎಂದಳು ಪುಟ್ಟಮಾದಮ್ಮ.

ಹೊನ್ನಯ್ಯ ಬಾಯಿ ತೆರೆದ. ಊರೆಲ್ಲ ಕಿವಿ ನಿಮಿರಿಸಿತು. "ಅವ್ವಾ, ನಮ್ ಮಲ್ಲೀನ ಉಳ್ಸ್ಕೊಡವ್ವಾ," ಎಂಬುದೊಂದೇ ಮಾತು ಹೊರಟಿತು. ಆಮೇಲೆ ಅವಳ ಕಾಲಿನ ಹತ್ತಿರ ಕೂತು ಗೊಳೋ ಎಂದು ಅತ್ತ. ಅಳು ಮುಗಿದ ಮೇಲೆ ಮಾತು ಶುರುವಾಯಿತು. ಅದು ಮೂರು ದಿನ ನಿಲ್ಲಲಿಲ್ಲ. ಮೊದಲ ದಿನ ಪೂರ್ತಿ ಎತ್ತಿನ ಪಂದ್ಯದ ವಿಷಯಕ್ಕೇ ಹೋಯಿತು.

ಮಿಕ್ಕ ಶುಂಠಿಯನ್ನು ಒದ್ದೆ ಮರಳಲ್ಲಿ ಹೂತಿಟ್ಟು ದಿನಾ ಎರಡು ಹೊತ್ತು ಪಟ್ಟು ಹಾಕಿದ. ಪುಟ್ಟಮಾದಮ್ಮನನ್ನು ಜಗಲಿಯಿಂದ ಕೆಳಗೆ ಇಳಿಯಗೊಡಲಿಲ್ಲ. ಅವಳ ಮನೆಗೆ ನೀರು ಅವನೇ ಹೊತ್ತ, ಅವಳ ಎಮ್ಮೆ ಅವನೇ ಕರೆದ. ಎಮ್ಮೆ ಒದ್ದರೂ ಬಿಡಲಿಲ್ಲ. ಒಂದು ನೂಲಿನಲ್ಲಿ ಮಂಡಿಯ ಸುತ್ತಳತೆ ತೆಗೆದು ಗಂಟು ಹಾಕಿ, ದಿನಾ ಬೆಳಿಗ್ಗೆ ಅಳೆದು, ನೂಲನ್ನು ಮೆರವಣಿಗೆ ಮಾಡಿದ ಹಾಗೆ ಬೀದಿಯಲ್ಲೆಲ್ಲ ತೋರಿಸಿಕೊಂಡು ಬರುತ್ತಿದ್ದ. ನಾಲ್ಕು ದಿನ ನೂಲು ಅಲ್ಲೇ ಇತ್ತು. "ಬೇರೂ ಇಲ್ಲ, ಬೂದೀನೂ ಇಲ್ಲ," ಎಂದು ಕೆಲವರು ಮೂಗು ಮುರಿದರು. ಆರನೇ ದಿನ ಗಂಟು ಒಂದು ಬೆರಳು ಒಳಗೆ ಬಂತು. ಒಂಬತ್ತನೇ ದಿನ ಎರಡು ಬೆರಳು. ಹದಿನಾಲ್ಕನೇ ದಿನ ಪುಟ್ಟಮಾದಮ್ಮ ಕಂಬ ಹಿಡಿದು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು, "ಸಿವನೇ" ಎಂದು ಎದ್ದಳು, ಮತ್ತೆ ಕೂತಳು. ನೋಡುತ್ತಿದ್ದ ಪಟೇಲರು ಚಪ್ಪಾಳೆ ತಟ್ಟಿದರು.

ಅಮಾವಾಸ್ಯೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ಎಮ್ಮೆ ಕರೆಯುವ ಹೊತ್ತಿಗೆ, ಮಲ್ಲಿಗಮ್ಮನಿಗೆ ನೋವು ಬಂತು. ಹೊನ್ನಯ್ಯ ಗಾಡಿ ಕಟ್ಟುತ್ತೇನೆ ಎಂದು ಓಡಿದರೆ ಪುಟ್ಟಮಾದಮ್ಮ, "ಗಾಡಿ ಯಾಕ್ಲಾ? ಕಾಲಿಲ್ವಾ ನನಗೆ?" ಎಂದು ಕೋಲು ಹಿಡಿದು ನಡೆದೇ ಬಂದಳು. ಹೊನ್ನಯ್ಯ ಅವಳ ಮುಂದೆ ಮುಂದೆ ಬಗ್ಗಿಕೊಂಡು ದಾರಿಯ ಕಲ್ಲು ಆರಿಸುತ್ತಾ ಹೋದ. ಬಾಗಿಲು ಮುಚ್ಚಿತು.

ಹೊರಗೆ ಜಗಲಿಯಲ್ಲಿ ನಾವಿಬ್ಬರೇ. ಬಿಸಿಲು ಹೊಸಿಲಿಗೆ ಬಂತು, ಹೊಸಿಲು ದಾಟಿ ಅಂಗಳಕ್ಕೆ ಇಳಿಯಿತು. ಹೊನ್ನಯ್ಯ ಒಂದು ಮಾತೂ ಆಡಲಿಲ್ಲ. ಯಾವ ಮದ್ದಿನ ಕಾನೂನೂ ಇರಲಿಲ್ಲ, ಸುಮ್ಮನೆ ನನ್ನ ಕೈ ಹಿಡಿದುಕೊಂಡಿದ್ದ. ನನಗೂ ಭಯವಾಗಿತ್ತು. ಒಳಗೆ ಪುಟ್ಟಮಾದಮ್ಮನ ಗದರಿಕೆ ಕೇಳುತ್ತಿತ್ತು, ಮಲ್ಲಿಗಮ್ಮನ ನರಳಿಕೆ ಕೇಳುತ್ತಿತ್ತು. ಆಮೇಲೆ ಎರಡೂ ನಿಂತುಹೋದವು. ಹೊನ್ನಯ್ಯ ಕಣ್ಣು ಮುಚ್ಚಿಕೊಂಡ.

ಒಂದು ಏಟು ಬಿದ್ದ ಸದ್ದು. ಹಿಂದೆಯೇ ಅಳು. ಎಂಥ ಅಳು! ಕೊಟ್ಟಿಗೆಯ ಎತ್ತುಗಳು ಎದ್ದು ನಿಂತವು.

ಪುಟ್ಟಮಾದಮ್ಮ ಬಾಗಿಲು ತೆರೆದು, "ಎಣ್ಣು ಕಣ್ಲಾ. ಬಾಯಿ ನಿಂದೇ. ತಾಯಿ ಸಂದಾಗವ್ಳೆ," ಎಂದಳು.

ಹೊನ್ನಯ್ಯ ಹೊಸಿಲಲ್ಲಿ ನಿಂತು ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಪುಟ್ಟಮಾದಮ್ಮನ ಮಂಡಿಯನ್ನು ನೋಡಿದ. ಅವನ ಹೊಟ್ಟೆಯಲ್ಲಿ ಮೂರು ವಾರದಿಂದ ಕೂತಿದ್ದ ಸುಳ್ಳು ಮೇಲಕ್ಕೆ ಬಂತು. "ಅವ್ವಾ, ತಪ್ಪಾಯ್ತು ಕಣವ್ವ. ಆ ಬೇರು ಬೆಟ್ಟದ್ದಲ್ಲ, ಜೋಗೀನೂ ಇಲ್ಲ. ಅದು ಬರೀ..."

"ಮುಚ್ಲಾ ಬಾಯಿ!" ಎಂದಳು ಪುಟ್ಟಮಾದಮ್ಮ. "ಎಸ್ರು ಏಳ್ಬ್ಯಾಡ. ಮದ್ ಕೆಟ್ಟೋಯ್ತದೆ, ನನ್ ಮಂಡಿಗೆ ಇನ್ನೂ ಕೆಲ್ಸ ಐತೆ."

ಅವಳು ಮಡಿಲಿಂದ ಒಂದು ಎಲೆಯ ಪೊಟ್ಟಣ ತೆಗೆದಳು. ಐವತ್ತು ವರ್ಷದಿಂದ ಪ್ರತಿ ಬಾಣಂತಿಗೂ ಕಟ್ಟಿಕೊಂಡು ಹೋಗುತ್ತಿದ್ದ ಪೊಟ್ಟಣ. ಬೆಲ್ಲದ ಜೊತೆ ಕುಟ್ಟಿದ ಕಂದು ಉಂಡೆಯನ್ನು ಮಲ್ಲಿಗಮ್ಮನ ಬಾಯಿಗೆ ಇಟ್ಟಳು. ಮಲ್ಲಿಗಮ್ಮ ಖಾರಕ್ಕೆ ಕಣ್ಣು ಕಿರಿದು ಮಾಡಿ, "ಇದೇನವ್ವಾ?" ಎಂದು ಕೇಳಿದಳು.

"ಮಾದಪ್ಪನ ಬೆಟ್ಟದ ಬೇರು ಕಣವ್ವ," ಎಂದಳು ಪುಟ್ಟಮಾದಮ್ಮ, ಹೊನ್ನಯ್ಯನ ಮುಖವನ್ನೇ ನೋಡುತ್ತಾ. "ನಿನ್ ಗಂಡನ ವಂಸದ ಗುಟ್ಟು."

ಹೊನ್ನಯ್ಯ ಬಾಯಿ ತೆರೆದ. ನನ್ನ ಕಡೆ ನೋಡಿದ. ಮತ್ತೆ ಮುಚ್ಚಿಕೊಂಡ. ಮಗಳು ಅವನ ಪಾಲಿನದನ್ನೂ ಸೇರಿಸಿ ಅಳುತ್ತಿದ್ದಳು.